ವಿಲಿಯಂ ಕ್ಯಾರಿಯವರ ಸಭಾಪಾಲನೆ ಮತ್ತು ಕನ್ನಡ: ಬಿಳಗಿಯ ಸೀಮೆಯಿಂದ ಒಂದು ಅವಲೋಕನ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಬಿಳಗಿ ಇಂದು ಅಡಿಕೆ ತೋಟಗಳ ನಡುವಣ ಒಂದು ಸಣ್ಣ ಊರು. ಹಿಂದೆ ಅದು ಶ್ವೇತಪುರವೆಂಬ ಹೆಸರಿನಿಂದ ಜೈನ ಅರಸುಮನೆತನವೊಂದರ ರಾಜಧಾನಿಯಾಗಿತ್ತು. ಅಲ್ಲಿನ ರತ್ನತ್ರಯ ಬಸದಿ ಆ ಕಾಲದ ಸಾಕ್ಷಿಯಾಗಿ ನಿಂತಿದೆ. ಬಿಳಗಿ, ಸೋದೆ, ಹಾಡುವಳ್ಳಿಗಳನ್ನೊಳಗೊಂಡ ಈ ಸೀಮೆಯ ಜೈನ ವಿದ್ವತ್ಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದನು. 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ಬರೆದ ವ್ಯಾಕರಣವಿದು. ಕನ್ನಡವು ಶಾಸ್ತ್ರಗ್ರಂಥಗಳಿಗೆ ಯೋಗ್ಯವಲ್ಲವೆಂಬ ಆಕ್ಷೇಪಕ್ಕೆ ಉತ್ತರವಾಗಿ ಅವನು ‘ಚೂಡಾಮಣಿ’ಯೆಂಬ ಬೃಹತ್ ಗ್ರಂಥವನ್ನು ಉದಾಹರಿಸಿ ತನ್ನ ನುಡಿಯ ಘನತೆಯನ್ನು ಪಂಡಿತರ ಮುಂದೆ ಎತ್ತಿಹಿಡಿದನು.

ಇದಾದ 213 ವರ್ಷಗಳ ಮೇಲೆ, 1817ರಲ್ಲಿ, ಬಂಗಾಳದ ಶ್ರೀರಾಮಪುರದ ಮುದ್ರಣಾಲಯದಿಂದ ಮತ್ತೊಂದು ಕನ್ನಡ ವ್ಯಾಕರಣ ಹೊರಬಂದಿತು. ಅದು ಇಂಗ್ಲಿಷಿನಲ್ಲಿತ್ತು. ಕನ್ನಡ ಅಚ್ಚುಮೊಳೆಗಳನ್ನು ಬಳಸಿ ಮುದ್ರಿತವಾದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಅದರ ಕರ್ತೃ ವಿಲಿಯಂ ಕ್ಯಾರಿ, ಚಮ್ಮಾರಿಕೆಯಿಂದ ಬದುಕು ಆರಂಭಿಸಿದ ಒಬ್ಬ ಬ್ಯಾಪ್ಟಿಸ್ಟ್ ಸಭಾಪಾಲಕರು. ಕನ್ನಡನಾಡಿನಲ್ಲಿ ಅವರು ಎಂದೂ ಸೇವೆ ಮಾಡಲಿಲ್ಲ. ಆದರೂ ಅವರು ನಮ್ಮ ನುಡಿಯ ವಿಭಕ್ತಿಗಳನ್ನೂ ಕ್ರಿಯಾಪದಗಳನ್ನೂ ಕುಳಿತು ಕಲಿತದ್ದೇಕೆ?

ಮಿಷನ್ ಚರಿತ್ರೆಯ ಪಠ್ಯಗಳು ಕ್ಯಾರಿಯವರನ್ನು ಸಾಮಾನ್ಯವಾಗಿ ‘ಆಧುನಿಕ ಮಿಷನ್‌ಗಳ ಪಿತಾಮಹ’ರೆಂದು ಕರೆದು ಅವರ ಸಾಧನೆಗಳನ್ನು ಪಟ್ಟಿ ಮಾಡುತ್ತವೆ. ಈ ಲೇಖನದಲ್ಲಿ ನಾವು ಅವರನ್ನು ಸಭಾಪಾಲಕರೆಂದೇ ನೋಡಬಯಸುತ್ತೇವೆ. ಅವರ ವಿಶ್ವಾಸ, ಕನಿಕರ, ಸಭಾಜೀವನ ಎಂಬ ಮೂರು ಎಳೆಗಳು ಒಂದೇ ನೂಲಿನವು. ಕನಿಕರವೆಂಬುದು ಸಭೆಯು ಆರಾಧನೆ ಮುಗಿಸಿ ಹೊರಗೆ ಹೋಗಿ ಮಾಡುವ ಹೆಚ್ಚುವರಿ ಕೆಲಸವಲ್ಲ. ಸಭೆ ಹೇಗೆ ಉಣ್ಣುತ್ತದೆ, ಹೇಗೆ ಮಾತಾಡುತ್ತದೆ, ತನ್ನ ಮನೆಯೊಳಗಿನ ದುರ್ಬಲರನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬುದರಲ್ಲೇ ಅದು ಅಡಗಿದೆ. ಈ ಅಳತೆಗೋಲನ್ನು ಕ್ಯಾರಿಯವರಿಂದಲೇ ಪಡೆದು ಅವರಿಗೂ ನಮಗೂ ಹಿಡಿಯುವುದು ಈ ಬರಹದ ಉದ್ದೇಶ.

1. ಪಾಲಕನಾಗಿ ರೂಪುಗೊಂಡ ಚಮ್ಮಾರ

ಕ್ಯಾರಿಯವರು 1761ರ ಆಗಸ್ಟ್ 17ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪುರಿ ಎಂಬ ಹಳ್ಳಿಯಲ್ಲಿ ಜನಿಸಿದರು. ಆಂಗ್ಲಿಕನ್ ಸಭೆಯಲ್ಲಿ ಬೆಳೆದ ಅವರು ಭಿನ್ನಮತೀಯರ ಸಹವಾಸದಿಂದ ವಿಶ್ವಾಸಕ್ಕೆ ಬಂದು, 1783ರ ಅಕ್ಟೋಬರ್ 5ರಂದು ನೆನೆ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದರು. 1785ರಲ್ಲಿ ಮೌಲ್ಟನ್ ಎಂಬಲ್ಲಿನ ಬಡ ಸಭೆಯ ಪಾಲನೆ ಅವರಿಗೆ ದೊರೆಯಿತು. ಸಭೆ ಕೊಡುತ್ತಿದ್ದ ಸಂಬಳದಿಂದ ಸಂಸಾರ ಸಾಗುತ್ತಿರಲಿಲ್ಲ. ಆದಕಾರಣ ಅವರು ಶಾಲೆ ನಡೆಸಿದರು, ಪಾದರಕ್ಷೆ ಹೊಲಿದರು.

1789ರಲ್ಲಿ ಅವರು ಲೆಸ್ಟರ್ ಪಟ್ಟಣದ ಹಾರ್ವೆ ಲೇನ್ ಸಭೆಗೆ ಹೋದರು. ಕೃಪೆಯ ಹೆಸರಿನಲ್ಲಿ ನಡತೆಯ ಶಿಸ್ತನ್ನೇ ತಳ್ಳಿಹಾಕಿದವರಿಂದ ಆ ಸಭೆ ಒಡೆದುಹೋಗಿತ್ತು. ಕ್ಯಾರಿಯವರು ಸಭೆಯನ್ನೇ ವಿಸರ್ಜಿಸಿ, ಹೊಸ ಒಪ್ಪಂದಕ್ಕೆ ಸಹಿಹಾಕಲು ಸಿದ್ಧರಿದ್ದವರನ್ನು ಸೇರಿಸಿ ಅದನ್ನು ಮತ್ತೆ ಕಟ್ಟಿದರು. ಸಭೆಯೆಂದರೆ ಜನ್ಮದಿಂದ ಬಂದ ಗುಂಪಲ್ಲ, ಪರಸ್ಪರ ಹೊಣೆಹೊತ್ತವರ ಒಡಂಬಡಿಕೆ ಎಂಬ ಬ್ಯಾಪ್ಟಿಸ್ಟ್ ತಿಳಿವಳಿಕೆ ಅವರ ಕೈಯಲ್ಲಿ ಹೀಗೆ ಕಾರ್ಯರೂಪಕ್ಕೆ ಬಂದಿತು. ಮುಂದೆ ಶ್ರೀರಾಮಪುರದಲ್ಲಿ ಜಾತಿಯ ಪ್ರಶ್ನೆಗೆ ಅವರು ಕೊಟ್ಟ ಉತ್ತರದ ಬೇರು ಇಲ್ಲಿದೆ.

1792ರಲ್ಲಿ ಅವರು ಪ್ರಕಟಿಸಿದ 87 ಪುಟಗಳ ‘ವಿಚಾರಣೆ’ ಎಂಬ ಕಿರುಗ್ರಂಥವು ಅನ್ಯದೇಶಗಳಿಗೆ ಸುವಾರ್ತೆಯನ್ನು ಒಯ್ಯುವುದು ಇಂದಿನ ಸಭೆಯ ಕರ್ತವ್ಯವೆಂದು ವಾದಿಸಿತು. ದೇಶಗಳ ವಿಸ್ತೀರ್ಣ, ಜನಸಂಖ್ಯೆ, ಧರ್ಮಗಳ ಕೋಷ್ಟಕಗಳು ಅದರಲ್ಲಿವೆ. ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದು ಅದರ ಕೊನೆಯ ಭಾಗದ ಒಂದು ಸಣ್ಣ ಮಾತು. ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಗುಲಾಮರ ರಕ್ತ ಬಸಿದು ತೆಗೆಯಲಾಗುತ್ತಿದ್ದುದರಿಂದ ಆಗ ಅನೇಕ ಕುಟುಂಬಗಳು ಅದನ್ನು ಬಳಸುವುದನ್ನೇ ಬಿಟ್ಟಿದ್ದವು. ಹಾಗೆ ಬಿಟ್ಟವರು ತಮ್ಮ ಕೈಗಳನ್ನು ಶುದ್ಧಮಾಡಿಕೊಂಡರಷ್ಟೇ ಅಲ್ಲ, ಉಳಿದ ಹಣವನ್ನು ಸುವಾರ್ತೆಯ ಕೆಲಸಕ್ಕೆ ಕೊಡಬಹುದು ಎಂದು ಕ್ಯಾರಿಯವರು ಲೆಕ್ಕ ಹಾಕಿದರು. ಗುಲಾಮಗಿರಿ ಅಳಿಯಲೆಂಬುದು ಅವರ ಪ್ರಾರ್ಥನೆಗಳಲ್ಲಿ ನಿತ್ಯದ ಬಿನ್ನಹವಾಗಿತ್ತು. ಅಡಿಗೆಮನೆಯ ಸಕ್ಕರೆ ಡಬ್ಬಿಯೂ ಜಗತ್ತಿನ ಸುವಾರ್ತೆಯೂ ಅವರಿಗೆ ಒಂದೇ ಲೆಕ್ಕದ ಪುಸ್ತಕದಲ್ಲಿ ಬರುವ ವಿಷಯಗಳಾಗಿದ್ದವು.

2. ಒಂದೇ ಚೀಲ, ಒಂದೇ ಮೇಜು

1793ರ ನವೆಂಬರಿನಲ್ಲಿ ಬಂಗಾಳ ತಲುಪಿದ ಕ್ಯಾರಿಯವರು ಮೊದಲ ವರ್ಷಗಳಲ್ಲಿ ಮದನಾವತಿಯ ನೀಲಿ ಕಾರ್ಖಾನೆಯ ಮೇಲ್ವಿಚಾರಕರಾಗಿ ದುಡಿದರು. 1800ರ ಜನವರಿ 10ರಂದು ಅವರು ಡೇನಿಷ್ ಆಡಳಿತದಲ್ಲಿದ್ದ ಶ್ರೀರಾಮಪುರಕ್ಕೆ ಬಂದು, ಶಾಲಾಶಿಕ್ಷಕ ಜೋಷುವಾ ಮಾರ್ಷ್‌ಮನ್ ಮತ್ತು ಮುದ್ರಕ ವಿಲಿಯಂ ವಾರ್ಡ್ ಅವರೊಂದಿಗೆ ಒಂದೇ ಕುಟುಂಬದಂತೆ ನೆಲೆಸಿದರು. ಊಟ ಒಟ್ಟಿಗೆ, ಗಳಿಕೆ ಒಂದೇ ಚೀಲಕ್ಕೆ. 1801ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕರಾಗಿ ನೇಮಕಗೊಂಡ ಕ್ಯಾರಿಯವರಿಗೆ ಮೊದಲು ತಿಂಗಳಿಗೆ 500, ಮುಂದೆ 1000 ರೂಪಾಯಿ ಸಂಬಳ ಬರುತ್ತಿತ್ತು. ಸಣ್ಣ ಭತ್ಯವೊಂದನ್ನು ಬಿಟ್ಟು ಉಳಿದುದೆಲ್ಲವೂ ಸಾಮೂಹಿಕ ನಿಧಿಗೆ ಸೇರುತ್ತಿತ್ತು. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ಅವರು ಆದಾಯ-ವೆಚ್ಚದ ನಿಯಮವಾಗಿಯೇ ಓದಿದರು.

1800ರ ಡಿಸೆಂಬರ್ 28ರಂದು ಬಡಗಿ ಕೃಷ್ಣ ಪಾಲ್ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಹೊಂದಿದರು. ಅವರನ್ನು ಮಿಷನ್ ಮನೆಗೆ ತಂದದ್ದು ಜಾರಿಬಿದ್ದು ಕಳಚಿಕೊಂಡ ಭುಜ. ಅದನ್ನು ಕೂಡಿಸಿದವರು ವೈದ್ಯರಾದ ಜಾನ್ ಥಾಮಸ್. ಕೃಷ್ಣ ಪಾಲ್ ತಮ್ಮ ಹೆಸರನ್ನು ಬದಲಿಸಿಕೊಳ್ಳಲಿಲ್ಲ, ಸಭೆ ಅದನ್ನು ಕೇಳಲೂ ಇಲ್ಲ. ಆದರೆ ಜಾತಿಯ ವಿಷಯದಲ್ಲಿ ಸಭೆ ಸಡಿಲಿಕೆ ತೋರಲಿಲ್ಲ. ಕರ್ತನ ಭೋಜನದಲ್ಲಿ ಬೇರೆ ಪಂಕ್ತಿ, ಬೇರೆ ಪಾತ್ರೆಗಳಿಗೆ ಅವಕಾಶವಿರಲಿಲ್ಲ. 1803ರಲ್ಲಿ ಬ್ರಾಹ್ಮಣ ಕುಲದಿಂದ ಬಂದ ಕೃಷ್ಣ ಪ್ರಸಾದರು ಇದೇ ಬಡಗಿಯ ಮಗಳನ್ನು ಮದುವೆಯಾದರು. ಅದೇ ವರ್ಷ ಗೋಕುಲ್ ಎಂಬ ವಿಶ್ವಾಸಿ ತೀರಿಕೊಂಡಾಗ ಶವವನ್ನು ಯಾರು ಹೊರಬೇಕೆಂಬ ಪ್ರಶ್ನೆ ಎದ್ದಿತು. ಮಾರ್ಷ್‌ಮನ್, ಕ್ಯಾರಿಯವರ ಮಗ ಫೆಲಿಕ್ಸ್, ಬ್ರಾಹ್ಮಣ ಹಿನ್ನೆಲೆಯ ಭೈರವ, ಮುಸಲ್ಮಾನ ಹಿನ್ನೆಲೆಯ ಪೀರು ಈ ನಾಲ್ವರು ಹೆಗಲು ಕೊಟ್ಟರು. ಆ ನಾಲ್ಕು ಹೆಗಲುಗಳು ಒಂದು ಪೆಟ್ಟಿಗೆಯಡಿ ಸೇರಿದ್ದನ್ನು ಅಂದು ಶ್ರೀರಾಮಪುರದ ಬೀದಿ ಕಂಡಿತು. ಸಭೆಯ ವಿಷಯದಲ್ಲಿ ಬರೆದ ಯಾವ ಸಿದ್ಧಾಂತಕ್ಕಿಂತಲೂ ಸ್ಪಷ್ಟವಾದ ಬೋಧನೆ ಇದು.

1805ರ ಅಕ್ಟೋಬರ್ 7ರಂದು ಶ್ರೀರಾಮಪುರದ ಸಹೋದರರು ಸಹಿಹಾಕಿದ ‘ಒಪ್ಪಂದ’ವು ಈ ಜೀವನಕ್ರಮದ ಬರಹರೂಪ. ಪ್ರತಿ ವರ್ಷ ಮೂರು ಬಾರಿ ಅದನ್ನು ಬಹಿರಂಗವಾಗಿ ಓದಬೇಕೆಂದು ಅವರು ಗೊತ್ತುಮಾಡಿದರು. ಜನರ ಮನಸ್ಸು ಯಾವುದರಲ್ಲಿ ಸಿಕ್ಕಿಕೊಂಡಿದೆಯೋ ಅದನ್ನು ಮೊದಲು ಅರಿಯಬೇಕು, ಅವರ ಪೂಜೆಗೆ ಅಡ್ಡಿಪಡಿಸಬಾರದು, ಮೂರ್ತಿಗಳಿಗೆ ಹಾನಿಮಾಡಬಾರದು, ದೇಶೀಯರನ್ನು ಸಮಾನರೆಂದು ಕಾಣಬೇಕು, ದೇಶೀಯ ಸಭೆಗಳು ತಮ್ಮವರಲ್ಲಿಂದಲೇ ಪಾಲಕರನ್ನೂ ಸಭಾಸೇವಕರನ್ನೂ ಆರಿಸಿಕೊಳ್ಳಬೇಕು ಎಂಬುವು ಅದರ ಆಶಯಗಳಲ್ಲಿ ಮುಖ್ಯವಾದವು. ಬರೆದುದಕ್ಕೆ ಅವರು ಯಾವಾಗಲೂ ತಕ್ಕವರಾಗಿ ನಡೆಯಲಿಲ್ಲ. ಎರಡೇ ವರ್ಷಗಳಲ್ಲಿ, 1807ರಲ್ಲಿ, ಅವರ ಮುದ್ರಣಾಲಯದಿಂದ ಹೊರಟ ಪಾರಸಿ ಕಿರುಹೊತ್ತಗೆಯೊಂದು ಮುಸಲ್ಮಾನರ ಪ್ರವಾದಿಯನ್ನು ನಿಂದಿಸಿತು. ಸರಕಾರವು ಆಕ್ಷೇಪಿಸಿದಾಗ ಅವರು ವಿಷಾದ ಸೂಚಿಸಬೇಕಾಯಿತು. ಒಪ್ಪಂದವನ್ನು ವರ್ಷಕ್ಕೆ ಮೂರು ಬಾರಿ ಓದಬೇಕಾದ ಅಗತ್ಯವೇನೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

3. ಬೆಂಕಿಗೆ ಹೋದ ಕನ್ನಡ

1812ರ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದದ ರಾಶಿ, ಅನೇಕ ಭಾಷೆಗಳ ಅಚ್ಚುಮೊಳೆಗಳು, ಹಸ್ತಪ್ರತಿಗಳು ಬೂದಿಯಾದವು. ಸುಟ್ಟುಹೋದವುಗಳಲ್ಲಿ ತೆಲುಗು ವ್ಯಾಕರಣ, ಬಹುಭಾಷಾ ನಿಘಂಟಿನ ಸಾಮಗ್ರಿಗಳ ಜೊತೆಗೆ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು. ಕ್ಯಾರಿಯವರು ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನ್ ಸುದ್ದಿ ತಂದರು. ಮುಂದಿನ ಭಾನುವಾರ ಕ್ಯಾರಿಯವರು 46ನೆಯ ಕೀರ್ತನೆಯ 10ನೆಯ ವಚನವನ್ನು ಪ್ರಸಂಗಕ್ಕೆ ಆರಿಸಿಕೊಂಡರು. ದೇವರಿಗೆ ನಮ್ಮನ್ನು ಹೀಗೆ ನಡೆಸುವ ಹಕ್ಕಿದೆ, ಅದಕ್ಕೆ ಒಪ್ಪಿ ಸುಮ್ಮನಿರುವುದು ನಮ್ಮ ಕರ್ತವ್ಯ ಎಂಬುದು ಅವರ ಬೋಧನೆಯ ಸಾರವಾಗಿತ್ತು. ಸುಮ್ಮನಿರುವುದೆಂದರೆ ಕೈಕಟ್ಟಿ ಕೂರುವುದೆಂದು ಅವರು ತಿಳಿಯಲಿಲ್ಲ. ಮುದ್ರಣಯಂತ್ರಗಳು ಉಳಿದಿದ್ದವು; ಬೂದಿಯಲ್ಲಿ ಕರಗಿದ ಸೀಸವನ್ನು ಕೆರೆದು ತೆಗೆದು ಮೊಳೆಗಳನ್ನು ಮತ್ತೆ ಎರಕ ಹೊಯ್ದರು.

1817ರ ಕನ್ನಡ ವ್ಯಾಕರಣವನ್ನು ಈ ಬೂದಿಯ ಹಿನ್ನೆಲೆಯಲ್ಲಿ ನೋಡಬೇಕು. ಕಳೆದುಹೋದ ನುಡಿಯೊಂದನ್ನು ಎರಡನೆಯ ಸಲ ಕಲಿಯುವ ತಾಳ್ಮೆ ಅದರಲ್ಲಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಪೌಲನು ಕೇಳುವವನಿಗೆ ಅರ್ಥವಾಗದ ಮಾತು ಸಭೆಯನ್ನು ಕಟ್ಟಲಾರದೆಂದು ವಾದಿಸುತ್ತಾನೆ. ನೆರೆಯವನ ನುಡಿಯನ್ನು ಕಲಿಯುವುದು ಪಾಲಕನು ತೋರಬೇಕಾದ ಮೊದಲ ಕನಿಕರ. ಏಕೆಂದರೆ ಅಲ್ಲಿ ಕಲಿಸುವವನು ವಿದ್ಯಾರ್ಥಿಯಾಗುತ್ತಾನೆ, ಮೇಲಿರುವವನು ಕೆಳಗೆ ಕೂರುತ್ತಾನೆ.

ಆದರೆ ಇಲ್ಲಿ ಒಂದು ಮಿತಿಯನ್ನೂ ಗುರುತಿಸಬೇಕು. ಶ್ರೀರಾಮಪುರದ ಅನುವಾದಗಳು ಪಂಡಿತರ ಕೋಣೆಯಲ್ಲಿ, ಬಹುಮಟ್ಟಿಗೆ ಸಂಸ್ಕೃತ ಮತ್ತು ಬಂಗಾಳಿ ಪಾಠಗಳ ಆಧಾರದಿಂದ ಸಿದ್ಧವಾದವು. ಕ್ಯಾರಿಯವರು ಅವುಗಳನ್ನು ಗ್ರೀಕ್ ಮೂಲದೊಂದಿಗೆ ಹೋಲಿಸಿ ತಿದ್ದುತ್ತಿದ್ದರು. 1820ರ ದಶಕದ ಆರಂಭದಲ್ಲಿ ಅಲ್ಲಿಂದ ಕನ್ನಡ ಹೊಸ ಒಡಂಬಡಿಕೆ ಹೊರಬಂದರೂ ಕನ್ನಡ ಸಭೆಗಳಲ್ಲಿ ಬೇರೂರಿದ್ದು ಅದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಅಲ್ಲಿಯ ಜನರ ನಡುವೆ ನೆಲೆಸಿ, ಸಂಗಡಿಗರೊಡನೆ ದುಡಿದು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದರು. ಅವರ ಸಹೋದ್ಯೋಗಿ ವಿಲಿಯಂ ರೀವ್ ನಿಘಂಟುಗಳನ್ನು ರಚಿಸಿದರು. ಪಂಡಿತರಿಂದ ಕಲಿತ ಕನ್ನಡಕ್ಕಿಂತ ಸಂತೆಯಲ್ಲಿ ಕಲಿತ ಕನ್ನಡ ಬಾಳಿತು. ಕ್ಯಾರಿಯವರ ವಿದ್ವತ್ತಿಗೆ ಇದರಿಂದ ಕುಂದಿಲ್ಲ. ಆದರೆ ಪಾಲಕನು ನುಡಿಯನ್ನು ದೂರದಿಂದ ಪ್ರೀತಿಸಿದರೆ ಸಾಲದು, ಅದನ್ನಾಡುವವರ ಜೊತೆ ಬದುಕಬೇಕು ಎಂಬುದನ್ನು ಕನ್ನಡ ಸತ್ಯವೇದದ ಚರಿತ್ರೆಯೇ ಸಾರುತ್ತದೆ.

4. ಪ್ರಸಂಗಪೀಠವನ್ನು ಬಿಟ್ಟುಕೊಟ್ಟ ಭಾನುವಾರ

1799ರಲ್ಲಿ ಕ್ಯಾರಿಯವರು ನದಿದಡದಲ್ಲಿ ಒಬ್ಬ ವಿಧವೆಯ ಸಹಗಮನವನ್ನು ಕಣ್ಣಾರೆ ಕಂಡರು. ಇದು ಕೊಲೆಯೆಂದು ಕೂಗಿದರು, ತಡೆಯಲು ಯತ್ನಿಸಿದರು, ಸೋತರು. ಅಂದಿನಿಂದ ಮೂವತ್ತು ವರ್ಷ ಆ ವಿಷಯವನ್ನು ಅವರು ಕೈಬಿಡಲಿಲ್ಲ. ಕಲ್ಕತ್ತೆಯ ಸುತ್ತ ಮೂವತ್ತು ಮೈಲಿಯೊಳಗೆ ನಡೆದ ಇಂತಹ ಸಾವುಗಳನ್ನು ಎಣಿಸುವ ಏರ್ಪಾಡು ಮಾಡಿಸಿದರು. ಶಾಸ್ತ್ರಗಳು ಇದನ್ನು ವಿಧಿಸುತ್ತವೆಯೇ ಎಂಬುದನ್ನು ಪಂಡಿತರೊಂದಿಗೆ ಪರಿಶೀಲಿಸಿ ಅಧಿಕಾರಿಗಳ ಮುಂದಿಟ್ಟರು. ಇತ್ತ ರಾಮಮೋಹನ ರಾಯರು ತಮ್ಮ ಸಮಾಜದೊಳಗಿನಿಂದಲೇ ಈ ಪದ್ಧತಿಯ ವಿರುದ್ಧ ಬರೆದು ಹೋರಾಡುತ್ತಿದ್ದರು. ಆ ಜಯವು ಒಂದೇ ಗುಂಪಿಗೆ ಸೇರಿದ್ದಲ್ಲವೆಂಬುದನ್ನು ಸಭೆಯ ಚರಿತ್ರೆಕಾರರು ಮರೆಯಬಾರದು.

1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ಸತಿಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಹೊರಡಿಸಿದರು. ಅದನ್ನು ಬಂಗಾಳಿಗೆ ಅನುವಾದಿಸುವ ಕೆಲಸ ಕ್ಯಾರಿಯವರಿಗೆ ಬಂದಿತು. ಕಾಗದ ಕೈಸೇರಿದ್ದು ಭಾನುವಾರ ಬೆಳಿಗ್ಗೆ, ಅವರು ಪ್ರಸಂಗಕ್ಕೆ ಹೊರಡುವ ಹೊತ್ತಿಗೆ. ಕರ್ತನ ದಿನವನ್ನು ಕಟ್ಟುನಿಟ್ಟಾಗಿ ಆಚರಿಸುತ್ತಿದ್ದ ಆ ಅರುವತ್ತೆಂಟರ ಪಾಲಕರು ಪ್ರಸಂಗವನ್ನು ಬೇರೊಬ್ಬರಿಗೆ ಒಪ್ಪಿಸಿ, ತಮ್ಮ ಪಂಡಿತರನ್ನು ಕರೆಸಿ, ಸಂಜೆಯೊಳಗೆ ಅನುವಾದ ಮುಗಿಸಿದರು. ಒಂದು ತಾಸು ತಡವಾದರೆ ಒಬ್ಬ ವಿಧವೆಯ ಪ್ರಾಣ ಹೋಗಬಹುದೆಂಬುದು ಅವರ ಲೆಕ್ಕ. ಸಬ್ಬತ್ತು ಮನುಷ್ಯರಿಗಾಗಿ ಉಂಟಾಯಿತೆಂಬ ಕರ್ತನ ಬೋಧನೆಗೆ ಇದಕ್ಕಿಂತ ನೇರವಾದ ವ್ಯಾಖ್ಯಾನ ದೊರೆಯುವುದು ಕಷ್ಟ. ಅಂದು ಆ ಅನುವಾದವೇ ಅವರ ಪ್ರಸಂಗ.

5. ಪಕ್ಕದ ಕೋಣೆ

ಇಷ್ಟರಲ್ಲೇ ಲೇಖನವನ್ನು ಮುಗಿಸಿದರೆ ಅದು ಸ್ತುತಿಯಾದೀತು, ಚರಿತ್ರೆಯಾಗದು. 1781ರಲ್ಲಿ ಕ್ಯಾರಿಯವರ ಕೈಹಿಡಿದ ಡೊರೊಥಿ ಪ್ಲಾಕೆಟ್ ಮದುವೆಯ ದಾಖಲೆಯಲ್ಲಿ ಸಹಿಯ ಬದಲು ಗುರುತು ಹಾಕಿದ ಹಳ್ಳಿಯ ಹೆಣ್ಣುಮಗಳು. ಭಾರತಕ್ಕೆ ಹೋಗುವ ನಿರ್ಧಾರದಲ್ಲಿ ಅವರ ಮನಸ್ಸಿರಲಿಲ್ಲ. ಮೊದಲು ಒಲ್ಲೆನೆಂದರು. ಕೊನೆಗೆ ಒತ್ತಾಯಕ್ಕೆ ಮಣಿದು, ತಂಗಿ ಜೊತೆಗೆ ಬರುವುದಾದರೆ ಎಂಬ ಕರಾರಿನ ಮೇಲೆ, ವಾರಗಳ ಹಸುಗೂಸೂ ಸೇರಿ ನಾಲ್ಕು ಮಕ್ಕಳೊಂದಿಗೆ ಹಡಗು ಹತ್ತಿದರು. 1794ರಲ್ಲಿ ಐದು ವರ್ಷದ ಪೀಟರ್ ಜ್ವರದಿಂದ ತೀರಿಕೊಂಡನು. ಅವನಿಗೆ ಗೋರಿ ತೋಡುವವರು ಸಿಗುವುದೂ ದುಸ್ತರವಾಯಿತು. ಮುಂದಿನ ವರ್ಷದಿಂದ ಡೊರೊಥಿಯವರ ಮನಸ್ಸು ಕದಡಿತು. 1807ರ ಡಿಸೆಂಬರ್ 8ರಂದು ಅವರು ಕಣ್ಣುಮುಚ್ಚುವವರೆಗೆ, ಸುಮಾರು ಹನ್ನೆರಡು ವರ್ಷ, ಬಹುಪಾಲು ಕೋಣೆಯೊಳಗೇ ಕಳೆದರು. ಅವರ ಕೂಗು ಕೇಳುತ್ತಿದ್ದ ಗೋಡೆಯ ಈಚೆ ಕ್ಯಾರಿಯವರು ಅನುವಾದ ಮಾಡುತ್ತಿದ್ದರು.

ಕ್ಯಾರಿಯವರು ಹೆಂಡತಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ಒಪ್ಪದೆ ಕೊನೆಯವರೆಗೂ ಮನೆಯಲ್ಲೇ ಇರಿಸಿಕೊಂಡರು ಎಂಬುದು ನಿಜ. ಮಕ್ಕಳು ದಾರಿತಪ್ಪದಂತೆ ನೋಡಿಕೊಂಡವರು ಹೆಚ್ಚಾಗಿ ಹನ್ನಾ ಮಾರ್ಷ್‌ಮನ್ ಮತ್ತು ವಾರ್ಡ್ ಎಂಬುದೂ ನಿಜ. ಹಳೆಯ ಜೀವನಚರಿತ್ರೆಗಳು ಡೊರೊಥಿಯವರನ್ನು ಮಹಾಪುರುಷನ ದಾರಿಯ ಮುಳ್ಳೆಂಬಂತೆ ಬರೆದವು. ನಾವು ಅದನ್ನು ಒಪ್ಪುವುದಿಲ್ಲ. ಸಕ್ಕರೆಯಲ್ಲಿ ಗುಲಾಮನ ನೋವನ್ನು ಕಂಡ ಕಣ್ಣಿಗೆ, ಒಲ್ಲೆನೆಂದ ಹೆಂಡತಿಯ ಮಾತಿನಲ್ಲಿ ಎಚ್ಚರಿಕೆ ಕಾಣಲಿಲ್ಲ. ಮನೋರೋಗದ ಚಿಕಿತ್ಸೆ ಅಂದು ಎಷ್ಟು ಕಡಿಮೆ ತಿಳಿದಿತ್ತೆಂಬುದನ್ನು ನೆನೆದು ನಾವು ತೀರ್ಪನ್ನು ಮೆದುಗೊಳಿಸಬಹುದು, ಪ್ರಶ್ನೆಯನ್ನು ಅಳಿಸಲಾಗದು. ದೂರದವರಿಗೆ ತೋರಿದ ಕನಿಕರಕ್ಕೆ ಹತ್ತಿರದವರು ಬೆಲೆ ತೆತ್ತಾಗ, ಆ ಬೆಲೆಯನ್ನು ಚರಿತ್ರೆಯ ಅಡಿಟಿಪ್ಪಣಿಗೆ ತಳ್ಳುವ ಹಕ್ಕು ಸಭೆಗಿಲ್ಲ.

ಸಭಾಜೀವನದಲ್ಲೂ ಇದೇ ಬಿರುಕು ಕಾಣಿಸಿತು. 1817ರ ಸುಮಾರಿಗೆ ಕಿರಿಯ ಮಿಷನರಿಗಳು ಹಿರಿಯರಿಂದ ಬೇರೆಯಾಗಿ ಕಲ್ಕತ್ತೆಯಲ್ಲಿ ಸಂಘ ಕಟ್ಟಿಕೊಂಡರು. ಆಸ್ತಿ ಮತ್ತು ಅಧಿಕಾರದ ಜಗಳ ಬೆಳೆದು 1827ರಲ್ಲಿ ಶ್ರೀರಾಮಪುರವು ಮಾತೃಸಂಘದಿಂದಲೇ ಬೇರ್ಪಟ್ಟಿತು. ಆ ಒಡಕು ಕೂಡಿಕೊಂಡದ್ದು 1834ರ ಜೂನ್ 9ರಂದು ಕ್ಯಾರಿಯವರು ತೀರಿಕೊಂಡ ಮೂರು ವರ್ಷಗಳ ಮೇಲೆ. ಜಾತಿಯ ಗೋಡೆ ಒಡೆದವರಿಗೆ ಹಿರಿಯ-ಕಿರಿಯರ ಗೋಡೆ ಒಡೆಯುವುದು ಸುಲಭವಾಗಲಿಲ್ಲ.

6. ಬಿಳಗಿಯ ಸೀಮೆಗೆ ಈ ಚರಿತ್ರೆ ಹೇಳುವುದೇನು?

ಕ್ಯಾರಿಯವರು ತೀರಿಕೊಂಡ ವರ್ಷವೇ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು. 1847ರಲ್ಲಿ ಅಲ್ಲಿ ಆರಂಭವಾದ ದೈವಜ್ಞಾನ ಶಿಕ್ಷಣವೂ ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿಯೂ 1965ರಲ್ಲಿ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಅದರ ಪದವಿಗಳನ್ನು ಕೊಡುವುದು, 1818ರಲ್ಲಿ ಕ್ಯಾರಿಯವರೂ ಸಂಗಡಿಗರೂ ಸ್ಥಾಪಿಸಿ 1827ರಲ್ಲಿ ಡೆನ್ಮಾರ್ಕಿನ ಅರಸನ ಸನ್ನದು ಪಡೆದ ಶ್ರೀರಾಮಪುರದ ಅಧಿಕಾರದಿಂದಲೇ. ಆದ್ದರಿಂದ ಕನ್ನಡ ಪಾಲಕರಿಗೆ ಕ್ಯಾರಿಯವರು ಪರಕೀಯರಲ್ಲ. ಸಭೆಯ ಪಂಗಡ ಯಾವುದಿದ್ದರೂ ನಾವು ಆ ಮನೆಯ ವಾರಸುದಾರರು.

ವಾರಸುದಾರರಿಗೆ ಆಸ್ತಿಯೂ ಸಾಲವೂ ಒಟ್ಟಿಗೇ ಬರುತ್ತವೆ. ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಕಡೆಗೆ ಸೇವೆಗೆಂದು ಹೋಗುವ ಪಾಲಕನು ಸಂಖ್ಯೆಯಲ್ಲಿ ಸಣ್ಣದಾದ ಸಭೆಗಳಿಗೆ ಹೋಗುತ್ತಾನೆ. ಅಲ್ಲಿ ಅವನು ಮೊದಲು ಕಲಿಯಬೇಕಾದುದು ಮಾತನ್ನು. ಪಠ್ಯಪುಸ್ತಕದ ಕನ್ನಡ ಅವನಿಗೆ ಬರುತ್ತದೆ. ಹವ್ಯಕರ ಮನೆಮಾತು, ದೀವರ ಆಡುನುಡಿ, ಸಿದ್ದಿಯರ ಕೊಂಕಣಿಮಿಶ್ರಿತ ಮಾತು ಬಂದಿರುವುದಿಲ್ಲ. ಭಟ್ಟಾಕಳಂಕನು ಇದೇ ಸೀಮೆಯ ಪರಂಪರೆಯಲ್ಲಿ ನಿಂತು ಪಂಡಿತರು ಹಗುರಾಗಿ ಕಂಡ ನುಡಿಗೆ ಘನತೆ ತಂದುಕೊಟ್ಟನು. ಅವನು ನಮ್ಮ ವಿಶ್ವಾಸದವನಲ್ಲ. ಆದರೆ ನುಡಿಯ ಗೌರವದಲ್ಲಿ ಅವನು ನಮಗೆ ಗುರು ಎಂದು ಒಪ್ಪಿಕೊಳ್ಳುವುದರಿಂದ ಸುವಾರ್ತೆಗೆ ಯಾವ ನಷ್ಟವೂ ಇಲ್ಲ.

ಎರಡನೆಯದು ಮೇಜು ಮತ್ತು ಮಾರುಕಟ್ಟೆಯ ಪ್ರಶ್ನೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಶಿರಸಿಗಳ ಕಾಡಂಚಿನಲ್ಲಿ ಬದುಕುತ್ತಿರುವ ಸಿದ್ದಿ ಸಮುದಾಯದ ಪೂರ್ವಿಕರಲ್ಲಿ ಅನೇಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತರಲಾಯಿತು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಕ್ಯಾರಿಯವರು ಸಕ್ಕರೆಯನ್ನು ಮುಂದಿಟ್ಟು ಕೇಳಿದ ಪ್ರಶ್ನೆ ಇಲ್ಲಿ ದೂರದ ದ್ವೀಪದ್ದಲ್ಲ. ನಮ್ಮ ಊಟದ, ನಮ್ಮ ತೋಟದ, ನಮ್ಮ ಕಟ್ಟಡದ ಹಿಂದೆ ಯಾರ ದುಡಿಮೆಯಿದೆ, ಅವರಿಗೆ ನ್ಯಾಯವಾದ ಕೂಲಿ ಸಂದಿದೆಯೇ, ಅವರು ನಮ್ಮ ಪಂಕ್ತಿಯಲ್ಲಿ ಕುಳಿತಿದ್ದಾರೆಯೇ ಎಂದು ಪ್ರತಿ ಸಭೆಯೂ ತನ್ನ ಲೆಕ್ಕದ ಪುಸ್ತಕ ತೆರೆದು ನೋಡಬೇಕಾಗಿದೆ. ಕರ್ತನ ಭೋಜನಕ್ಕೆ ಮುನ್ನ ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂದು ಪೌಲನು ಬರೆದದ್ದು, ಹಸಿದವರನ್ನು ಬಿಟ್ಟು ಮೊದಲೇ ಉಂಡವರ ಸಭೆಗೆ.

ಮೂರನೆಯದು ಪಕ್ಕದ ಕೋಣೆಯ ಪ್ರಶ್ನೆ. ಪಾಲಕನನ್ನು ಒಂದು ಊರಿಗೆ ಕಳುಹಿಸುವಾಗ ಅವನ ಹೆಂಡತಿಯ ಮನಸ್ಸನ್ನು ಯಾರು ಕೇಳುತ್ತಾರೆ? ಪಾಲಕರ ಮನೆಗಳಲ್ಲಿ ಖಿನ್ನತೆ ಬಂದರೆ ಅದನ್ನು ವಿಶ್ವಾಸದ ಕೊರತೆಯೆಂದು ಮುಚ್ಚಿಡುವ ರೂಢಿ ಇನ್ನೂ ಅಳಿದಿಲ್ಲ. ಸೆಮಿನರಿಗಳು ಗ್ರೀಕ್ ವ್ಯಾಕರಣಕ್ಕೆ ಕೊಡುವ ಗಂಟೆಗಳಲ್ಲಿ ಕೆಲವನ್ನಾದರೂ ಈ ವಿಷಯಕ್ಕೆ ಮೀಸಲಿಡಬೇಕು. ಸಭೆಗಳು ಪಾಲಕರ ಕುಟುಂಬದ ಆರೈಕೆಯನ್ನು ದಾನವೆಂದು ಭಾವಿಸದೆ ತಮ್ಮ ಒಪ್ಪಂದದ ಭಾಗವೆಂದು ಬಗೆಯಬೇಕು.

ಶ್ರೀರಾಮಪುರದ ಸಹೋದರರು ತಮ್ಮ ಒಪ್ಪಂದವನ್ನು ವರ್ಷಕ್ಕೆ ಮೂರು ಸಲ ಓದಲು ಗೊತ್ತುಮಾಡಿದ್ದರು. ಅಂತಹ ಓದು ನಮ್ಮ ಸಭೆಗಳಲ್ಲೂ ನಡೆಯಲಿ ಎಂಬುದು ನಮ್ಮ ಸೂಚನೆ. ಸಭೆಯು ತಾನು ಏನನ್ನು ಬರೆದುಕೊಂಡಿತ್ತೆಂಬುದನ್ನು ಗಟ್ಟಿಯಾಗಿ ಓದಲಿ. ಆಮೇಲೆ ನುಡಿ, ಪಂಕ್ತಿ, ಮನೆ ಈ ಮೂರರಲ್ಲಿ ತಾನು ಎಲ್ಲಿ ನಿಂತಿದೆಯೆಂದು ಕೇಳಿಕೊಳ್ಳಲಿ. ಡೊರೊಥಿಯವರ ಹೆಸರನ್ನೂ ಆ ದಿನ ಪ್ರಾರ್ಥನೆಯಲ್ಲಿ ಸ್ಮರಿಸುವುದು ಯೋಗ್ಯ.